ಪರೀಕ್ಷೆಗೆ ಬಾರದ ಪುಸ್ತಕಗಳು

ಸನ್ನಿವೇಲ್, ಕ್ಯಾಲಿಫೋರ್ನಿಯಾ
8 ಸೆಪ್ಟೆಂಬರ್ 2023

ವಕೀಲ ಸಾಹೇಬರಿಗೆ ಫಖರುನ್ನಿಸಾಳ ಸಲಾಮು.

ಹೆಸರು ನೋಡಿದ ಕೂಡಲೇ ನೆನಪಾಯಿತೋ ಇಲ್ಲವೋ. ಗದಗಿನ ನಿಮ್ಮ ಆಫೀಸಿನಲ್ಲಿ ಮೂರು ವರ್ಷ ಕಾರಕೂನಳಾಗಿ ಡೈರಿ ಬರೆದು, ಟೈಪು ಹೊಡೆದು, ಕೋರ್ಟಿಗೂ ಆಫೀಸಿಗೂ ಓಡಾಡಿದವಳು ನಾನು. ಹದಿನೆಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡೋಣ ಅಂದರೆ ನಿಮಗೆ ಕಿವಿ ಪೂರ್ತಿ ಹೋಗಿದೆ, ಮೊಬೈಲು ಮುಟ್ಟುವುದೂ ಇಲ್ಲ ಎಂದು ನನ್ನ ತಮ್ಮ ಹೇಳಿದ. ಒಳ್ಳೆಯದೇ ಆಯಿತು. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ಸಾಹೇಬರೇ, ನಾನು ವಕೀಲಿ ಓದುತ್ತಿದ್ದೇನೆ!

ಕಾಲೇಜಿನಲ್ಲಲ್ಲ. ಈ ರಾಜ್ಯದಲ್ಲಿ ಒಂದು ಹಳೇ ಪದ್ಧತಿ ಇನ್ನೂ ಉಳಿದಿದೆ. ಕಾನೂನು ಕಾಲೇಜಿಗೆ ಹೋಗದೆ ಒಬ್ಬ ವಕೀಲರ ಆಫೀಸಿನಲ್ಲಿ ನಾಲ್ಕು ವರ್ಷ ಕೂತು ಓದಬಹುದು. ವಾರಕ್ಕೆ ಹದಿನೆಂಟು ತಾಸು. ತಿಂಗಳಿಗೊಮ್ಮೆ ಆ ವಕೀಲರೇ ಪರೀಕ್ಷೆ ಕೊಡುತ್ತಾರೆ. ಮೊದಲ ವರ್ಷ ಮುಗಿದಾಗ ಇಲ್ಲಿನ ಬಾರ್ ಕೌನ್ಸಿಲ್‌ನವರ ಒಂದು ಪರೀಕ್ಷೆ. ಅದು ಪಾಸಾದರೆ ಮುಂದಕ್ಕೆ. ಕೊನೆಗೆ ಕಾಲೇಜಿನವರ ಜೊತೆಯಲ್ಲೇ ದೊಡ್ಡ ಪರೀಕ್ಷೆ. ಹಿಂದೆಲ್ಲ ಈ ದೇಶದ ವಕೀಲರು ಬಹಳಷ್ಟು ಮಂದಿ ಹೀಗೇ ತಯಾರಾದವರಂತೆ. ನಾನು ಜೂನ್‌ನಲ್ಲಿ ಶುರು ಮಾಡಿದೆ.

ನನ್ನನ್ನು ಕೂರಿಸಿಕೊಂಡವರು ಮಿಸ್ ಒಕಾಮೊಟೊ. ಎಪ್ಪತ್ತೊಂದು ವರ್ಷ. ಜಪಾನಿ ಮೂಲದವರು, ಹುಟ್ಟಿದ್ದು ಇಲ್ಲೇ. ಬಾಡಿಗೆದಾರರ ಕೇಸು ನಡೆಸುತ್ತಾರೆ. ನನ್ನ ಯಜಮಾನರು ಮುಕರ್ರಮ್ ಕಲ್ಲಿನ ವ್ಯಾಪಾರ ಮಾಡುತ್ತಾರೆ, ನಮ್ಮ ಇಳಕಲ್ಲಿನ ಕೆಂಪು ಕಲ್ಲೂ ಇದೆ. ಅಡುಗೆಮನೆ ಕಟ್ಟೆಗೆ ಕಲ್ಲು ನೋಡಲು ಬಂದಿದ್ದರು ಮಿಸ್ ಒಕಾಮೊಟೊ. ನಾನು ಕೌಂಟರಿನಲ್ಲಿ ನಮ್ಮ ಅಂಗಡಿಯ ಲೀಸಿನ ಕಾಗದ ಇಟ್ಟುಕೊಂಡು, ಮಾಲೀಕ ಒಂಬತ್ತನೇ ಕಲಮಿನಲ್ಲಿ ಕೊಟ್ಟದ್ದನ್ನು ಹದಿನಾಲ್ಕನೆಯದರಲ್ಲಿ ಕಿತ್ತುಕೊಂಡಿದ್ದಾನೆ ಎಂದು ಮುಕರ್ರಮ್‌ಗೆ ತೋರಿಸುತ್ತಿದ್ದೆ. ಅವರು ಕಲ್ಲು ಬಿಟ್ಟು ನನ್ನ ಕಡೆ ಬಂದು, ‘ಇದನ್ನು ಓದಲು ಯಾರು ಕಲಿಸಿದರು?’ ಅಂತ ಕೇಳಿದರು. ನಿಮ್ಮ ಹೆಸರು ಹೇಳಿದೆ.

ಮೊದಲ ದಿನವೇ ಹಳದಿ ಹಾಳೆಯಲ್ಲಿ ಕೈಯಾರೆ ಒಂದು ಪಟ್ಟಿ ಬರೆದುಕೊಟ್ಟರು. ಹದಿನಾಲ್ಕು ಪುಸ್ತಕ, ಎಲ್ಲಾ ಅಮೆರಿಕದ ಕಾನೂನಿನ ಇತಿಹಾಸ. ‘ಇವು ಪರೀಕ್ಷೆಗೆ ಬರೋದಿಲ್ಲ, ಆದರೆ ಓದದೆ ನನ್ನ ಆಫೀಸಿನಲ್ಲಿ ಕೂರುವ ಹಾಗಿಲ್ಲ. ಗೆದ್ದವರಿಂದ ಶುರು ಮಾಡಬೇಡ, ಸೋತವರಿಂದ ಶುರು ಮಾಡು’ ಅಂದರು. ಅದೇ ದಿನ ಲೈಬ್ರರಿಯಿಂದ ಎರಡು ತಂದೆ. ಕ್ಯಾಲ್‌ಟ್ರೇನಿನಲ್ಲಿ ರೆಡ್‌ವುಡ್ ಸಿಟಿವರೆಗೆ ಇಪ್ಪತ್ತು ನಿಮಿಷದ ದಾರಿ, ಓದುತ್ತಾ ಎರಡು ಸಲ ಸ್ಟೇಷನ್ ದಾಟಿ ಹೋದೆ.

ಅವತ್ತು ನಿಮ್ಮ ಪಕ್ಷಗಾರ್ತಿ ನೀಲವ್ವನ ಮನೆಯ ಅಪೀಲು ನನ್ನ ಕೈಯಿಂದ ಕೆಟ್ಟಿತು. ಡೈರಿಯಲ್ಲಿ ತಾರೀಖು ತಪ್ಪು ಬರೆದೆ, ಮುದ್ದತ್ತು ಮೀರಿತು, ಆಕೆಯ ಮನೆ ಹೋಯಿತು. ಅಷ್ಟಾದರೂ ನೀವು ನನಗೆ ಒಂದು ಮಾತು ಬೈಯಲಿಲ್ಲ. ಅದನ್ನು ನಾನು ಮರೆತಿಲ್ಲ. ಅದಕ್ಕೇ ಮೊದಲ ಪತ್ರ ನಿಮಗೆ.

ಫಖರುನ್ನಿಸಾ


ಗದಗ
4 ಅಕ್ಟೋಬರ್ 2023

ಚಿ. ಫಖರುನ್ನಿಸಾಗ ದೇವೇಂದ್ರಪ್ಪನ ಆಶೀರ್ವಾದ.

ನೆನಪಾಗೂದಿಲ್ಲೇನು? ನೀ ಹೋದ ಮ್ಯಾಲೆ ಐದು ಮಂದಿ ಕಾರಕೂನರು ಬಂದು ಹೋದ್ರು, ಒಬ್ಬರಿಗೂ ಫೈಲಿನ ದಾರ ಕಟ್ಟಾಕ ಬರಲಿಲ್ಲ.

ನಿನ್ನ ಪತ್ರ ಓದಿ ನನಗ ಚಿಂತಿ ಹತ್ತೇತಿ. ಕಾಲೇಜಿಲ್ಲದ ವಕೀಲಿ ಅಂದ್ರ ಏನು? ಯಾರೋ ಮುದುಕಿ ನಿನ್ನ ಪುಕ್ಕಟ ಕಾರಕೂನಿಕಿಗೆ ಇಟಗೊಂಡು, ಓದಸತೀನಿ ಅಂತ ಹೇಳಿ ದುಡಿಸಿಕೊಳ್ಳಾಕ ಹತ್ತಿರಬೇಕು. ಮ್ಯಾಲೆ ಪರೀಕ್ಷೆಗೆ ಬಾರದ ಹದಿನಾಲ್ಕು ಪುಸ್ತಕ! ಪರೀಕ್ಷೆಗೆ ಬಾರದ್ದನ್ನ ಓದು ಅನ್ನೂ ಮಾಸ್ತರನ್ನ ನಾ ಎಲ್ಲಿಯೂ ಕಂಡಿಲ್ಲ. ಬಾರ್ ಕೌನ್ಸಿಲ್ಲಿನ ಕಾಗದ ನೋಡೀಯೇನು? ನಿನ್ನ ಹೆಸರು ಅಲ್ಲೆ ದಾಖಲ್ ಆಗೇತೇನು? ಮೊದಲು ಅದನ್ನ ನೋಡಿ ಬರಿ.

ಯಜಮಾನರು ಏನಂತಾರ? ಮಕ್ಕಳು ಎಷ್ಟು?

ನಾ ಬೆಳಿಗ್ಗೆ ಹತ್ತಕ್ಕ ಕೋರ್ಟಿನ ಬಾರ್ ರೂಮಿಗೆ ಹೋಗಿ ಪೇಪರ್ ಓದಿ ಒಂದಕ್ಕ ಮನಿಗೆ ಬರತೀನಿ. ವಕೀಲಿಕಿ ಸನದು ಇನ್ನೂ ಐತಿ, ಕಿವಿ ಇಲ್ಲ. ಜಡ್ಜು ಏನಂದ್ರು ಅಂತ ಪಕ್ಕದವನನ್ನ ಕೇಳೂ ವಕೀಲಗ ಯಾರು ವಕಾಲತ್ತು ಕೊಡತಾರ? ಹಿಂಗಾಗಿ ಓದಾಕ ಭಾಳ ವ್ಯಾಳ್ಯಾ ಐತಿ. ಆ ಪಟ್ಟಿ ಏನೈತಿ, ಅದರಾಗಿನ ಒಂದೊಂದು ಕೇಸು ಬರದು ಕಳಸು. ಮುದುಕಿ ಖರೇನ ವಕೀಲಳೋ ಅಲ್ಲೋ ಅಂತ ನಾ ಅದರ ಮ್ಯಾಲೆ ಹೇಳತೀನಿ.

ದೇವೇಂದ್ರಪ್ಪ

ತಾ.ಕ. ನಿನ್ನ ಕನ್ನಡ ಪೂರಾ ಬೆಂಗಳೂರಿನವರ ಕನ್ನಡ ಆಗೇತಿ.


ಸನ್ನಿವೇಲ್
27 ಅಕ್ಟೋಬರ್ 2023

ವಕೀಲ ಸಾಹೇಬರಿಗೆ ಸಲಾಮು.

ನನ್ನ ಹೆಸರು ದಾಖಲಾಗಿದೆ! ನೋಂದಣಿ ಪತ್ರದ ಪ್ರತಿ ಇಟ್ಟಿದ್ದೇನೆ, ಸೀಲು ನೋಡಿಕೊಳ್ಳಿ. ಮುಕರ್ರಮ್‌ಗೆ ಖುಷಿ, ಬಂದ ಗಿರಾಕಿಗಳಿಗೆಲ್ಲ ‘ನನ್ನ ಹೆಂಡತಿ ಲಾಯರ್ರು’ ಅಂತ ಈಗಲೇ ಹೇಳಿಕೊಂಡು ತಿರುಗುತ್ತಾರೆ. ಮಗಳು ಒಬ್ಬಳೇ, ಮರಿಯಮ್, ಹದಿನಾರು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಪ್ರಶ್ನೆಗಳ ಚೀಟಿ ಮಾಡಿಕೊಂಡು ದೋಸೆ ಹುಯ್ಯುವಾಗ ಕೇಳುತ್ತಾಳೆ. ತಪ್ಪಿದರೆ ‘ರಾಂಗ್, ಕೌನ್ಸೆಲರ್’ ಅನ್ನುತ್ತಾಳೆ, ಇಲ್ಲಿ ವಕೀಲರನ್ನು ಹಾಗೆ ಕರೆಯುತ್ತಾರೆ.

ಈಗ ಕೇಸು. ಸೋತವನು ಮೊದಲು. ಒಬ್ಬ ಗುಲಾಮ, ತನ್ನ ಬಿಡುಗಡೆಗಾಗಿ ಹನ್ನೊಂದು ವರ್ಷ ಕೋರ್ಟು ಅಲೆದ. 1857ರಲ್ಲಿ ದೊಡ್ಡ ಕೋರ್ಟು ಅಂದದ್ದು ಏನು ಗೊತ್ತೇ? ನಿನ್ನ ಜನ ಈ ದೇಶದ ನಾಗರಿಕರೇ ಅಲ್ಲ, ಆದ್ದರಿಂದ ನೀನು ಇಲ್ಲಿ ಕೇಸು ಹಾಕುವ ಹಾಗೇ ಇಲ್ಲ. ಬಾಗಿಲಿಗೆ ಬಂದವನಿಗೆ, ನಿನಗೆ ಬಾಗಿಲು ಬಡಿಯುವ ಹಕ್ಕೇ ಇಲ್ಲ ಅಂದ ಹಾಗೆ. ಓದಿ ಪುಸ್ತಕ ಮುಚ್ಚಿಟ್ಟು ಬೀದಿಗೆ ಹೋಗಿ ಒಂದು ಸುತ್ತು ಹಾಕಿ ಬಂದೆ. ಆ ತೀರ್ಪಿನ ಮೇಲೆ ಇಲ್ಲಿ ಅಂತರ್ಯುದ್ಧವಾಗಿ, ಸಂವಿಧಾನಕ್ಕೆ ತಿದ್ದುಪಡಿ ಬಂದು, ಇಲ್ಲಿ ಹುಟ್ಟಿದವರೆಲ್ಲ ನಾಗರಿಕರು, ಕಾನೂನು ಎಲ್ಲರನ್ನೂ ಒಂದೇ ರೀತಿ ಕಾಯಬೇಕು ಅಂತಾಯಿತು.

ಇನ್ನು ಎರಡನೆಯದು ಕೇಳಿ, ಇದು ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ್ದು! ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಡಬೇಕಾದರೆ ಪರವಾನಗಿ ಬೇಕು ಅಂತ ಊರಿನವರು ಕಾಯ್ದೆ ಮಾಡಿದರು. ಬೆಂಕಿಯ ಭಯ ಅಂತ ಕಾರಣ. ಕಾಯ್ದೆಯಲ್ಲಿ ಚೀನೀಯರು ಅನ್ನುವ ಶಬ್ದವೇ ಇಲ್ಲ. ಆದರೆ ಚೀನೀಯರು ಹಾಕಿದ ಇನ್ನೂರರಷ್ಟು ಅರ್ಜಿ ಅಷ್ಟೂ ತಿರಸ್ಕಾರ, ಉಳಿದವರ ಎಂಬತ್ತರಷ್ಟು ಅರ್ಜಿ ಒಂದು ಬಿಟ್ಟು ಎಲ್ಲಾ ಮಂಜೂರು. ಒಬ್ಬ ಅಗಸ ದಂಡ ಕಟ್ಟದೆ ಜೈಲಿಗೆ ಹೋದ. 1886ರಲ್ಲಿ ಗೆದ್ದ! ಕಾಯ್ದೆ ಕಾಗದದ ಮೇಲೆ ಎಷ್ಟೇ ನಿರ್ಮಲವಾಗಿರಲಿ, ನಡೆಸುವ ಕೈ ಭೇದ ಮಾಡಿದರೆ ಅದು ಕಾನೂನುಬಾಹಿರ ಅಂತ ತೀರ್ಪು. ರೈಲಿನಲ್ಲಿ ಕೂತು ಜೋರಾಗಿ ‘ಹೌದು!’ ಅಂದುಬಿಟ್ಟೆ. ಎದುರಿನ ಸೀಟಿನ ಇಂಜಿನಿಯರ್ ಹುಡುಗ ಇಯರ್‌ಫೋನ್ ತೆಗೆದು ನನ್ನನ್ನೇ ನೋಡಿದ.

ಮುದುಕಿ ಖರೇನ ವಕೀಲಳು ಹೌದೋ ಅಲ್ಲವೋ?

ಫಖರುನ್ನಿಸಾ


ಗದಗ
2 ಡಿಸೆಂಬರ್ 2023

ಚಿ. ಫಖರುನ್ನಿಸಾಗ,

ಹೌದು, ಹೌದು, ನೂರು ಸಲ ಹೌದು. ನಿನ್ನ ಮಿಸ್ ಒಕಾಮೊಟೊಗ ನನ್ನ ನಮಸ್ಕಾರ ಹೇಳು. ಮುದುಕಿ ಅಂದದ್ದು ಹೇಳಬ್ಯಾಡ.

ಅಗಸನ ಕೇಸು ನಾ ಬಾರ್ ರೂಮಿನಾಗ ಎಲ್ಲಾರ ಮುಂದ ಹೇಳಿದೆ. ಕಿವಿ ಇಲ್ಲಲ್ಲ, ನನ್ನ ದನಿ ಎಷ್ಟು ಜೋರು ಅಂತ ನನಗ ತಿಳಿಯೂದಿಲ್ಲ. ಪಕ್ಕದ ಕೋರ್ಟ್ ಹಾಲಿನಿಂದ ಪೇದೆ ಬಂದು ‘ಸಾಹೇಬ್ರ, ಸಾವಕಾಶ’ ಅಂತ ಕೈ ಮುಗದ. ಈಗ ಸಣ್ಣ ಹುಡುಗ ವಕೀಲರು ದಿನಾ ಕೇಳತಾರ, ‘ಅಮೆರಿಕದ ಕಾಗದ ಬಂತೇನ್ರಿ?’ ನಿನ್ನ ಪತ್ರದ ಝೆರಾಕ್ಸ್ ಮಾಡಿಕೊಂಡು ಹೋಗ್ಯಾರ.

ಒಂದು ಮಾತು. ನೀ ತೀರ್ಪಿಗೆ ಮರುಳಾಗೀದಿ. ತೀರ್ಪು ಆಮ್ಯಾಲಿಂದು. ಇನ್ನೂರು ಅರ್ಜಿ ಬಿದ್ದಾವು, ಎಂಬತ್ತು ಎದ್ದಾವು ಅನ್ನೂ ಲೆಕ್ಕ ಕೋರ್ಟಿನ ಮುಂದ ಇಟ್ಟವರು ಯಾರು? ಯಾವ ಕಾಗದದ ಮ್ಯಾಲೆ ಇಟ್ರು? ಯಾರೋ ಒಬ್ಬ ಕಾರಕೂನ ಆಫೀಸು ಆಫೀಸು ತಿರಗಿ ಪಟ್ಟಿ ಮಾಡಿರಬೇಕಲ್ಲ. ಆಂವಂದು ಹೆಸರು ಎಲ್ಲೂ ಇರಲಿಕ್ಕಿಲ್ಲ. ಕೇಸು ಗೆದ್ದಿದ್ದು ಅಲ್ಲೆ. ಅದನ್ನ ಹುಡುಕು.

ಮುಂದಿನ ಪುಸ್ತಕ ಯಾವುದು? ಲಗೂನ ಬರಿ. ನನಗ ನಿದ್ದಿ ಬರಲಾರದಂಗ ಆಗೇತಿ.

ದೇವೇಂದ್ರಪ್ಪ


ರೆಡ್‌ವುಡ್ ಸಿಟಿ
16 ಮಾರ್ಚ್ 2024

ವಕೀಲ ಸಾಹೇಬರಿಗೆ ಸಲಾಮು.

ತಡವಾಯಿತು, ಬೈಯಬೇಡಿ. ಒಂದು ಸಂಗತಿ ನಿಮ್ಮಿಂದ ಮುಚ್ಚಿಟ್ಟಿದ್ದೆ. ತಿಂಗಳ ಪರೀಕ್ಷೆಯಲ್ಲಿ ಮೊದಲ ಎರಡೂ ಸಲ ನಾನು ಫೇಲು. ನಿಮಗೆ ಬರೆದ ಪತ್ರದಲ್ಲೆಲ್ಲ ಕುಣಿದಾಡಿದ್ದೆ, ಫೇಲಾದದ್ದು ಮಾತ್ರ ಬರೆಯಲಿಲ್ಲ. ಜನವರಿಯಲ್ಲಿ ಮತ್ತೊಂದೂ ಹೋಯಿತು. ಕರಾರಿನ ಕಾನೂನಿನಲ್ಲಿ, ಗಡುವು ಎಣಿಸುವ ಪ್ರಶ್ನೆ ಬಂದಲ್ಲೆಲ್ಲ ನನ್ನ ಕೈ ನಿಂತುಬಿಡುತ್ತಿತ್ತು. ಉತ್ತರ ಗೊತ್ತು, ಬರೆಯಲು ಧೈರ್ಯವಿಲ್ಲ. ಮಿಸ್ ಒಕಾಮೊಟೊ ಕಾರಣ ಕೇಳಲಿಲ್ಲ. ಮೂರು ವಾರ ದಿನಾ ಬೆಳಿಗ್ಗೆ ಹತ್ತು ಗಡುವಿನ ಲೆಕ್ಕ ಕೊಟ್ಟರು, ಅಷ್ಟೇ. ಫೆಬ್ರವರಿಯಲ್ಲಿ ಪಾಸಾದೆ. ಈ ತಿಂಗಳೂ ಪಾಸು!

ಈಗ ಒಂಬತ್ತನೇ ಪುಸ್ತಕದಲ್ಲಿದ್ದೇನೆ. 1942ರಲ್ಲಿ ಜಪಾನಿನ ಜೊತೆ ಯುದ್ಧದ ಹೊತ್ತಿಗೆ ಈ ಕಡಲತೀರದ ಜಪಾನಿ ಮೂಲದವರನ್ನೆಲ್ಲ, ಇಲ್ಲೇ ಹುಟ್ಟಿದವರನ್ನೂ ಬಿಡದೆ, ಮನೆ ಬಿಡಿಸಿ ಕ್ಯಾಂಪಿಗೆ ಕಳಿಸಿದರು. ಮೊದಲು ಕೂಡಿಹಾಕಿದ್ದು ಇಲ್ಲೇ ಸ್ಯಾನ್ ಬ್ರೂನೋದ ಕುದುರೆ ರೇಸಿನ ಮೈದಾನದಲ್ಲಿ, ಕುದುರೆ ಕಟ್ಟುವ ಲಾಯಗಳಲ್ಲಿ. ಈ ಪುಸ್ತಕ ಲೈಬ್ರರಿಯದ್ದಲ್ಲ, ಅವರ ಸ್ವಂತದ್ದು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದೆ: ‘ಅಮ್ಮ, 43ನೇ ಲಾಯ.’ ಆ ಹಾಳೆ ತೆರೆದು ಅವರ ಮುಖ ನೋಡಿದೆ. ‘ಮುಂದಕ್ಕೆ ಓದು, ಕಥೆ ಅಲ್ಲಿಗೆ ನಿಂತಿಲ್ಲ’ ಅಂದರು.

ಜೂನ್‌ನಲ್ಲಿ ಬಾರ್‌ನವರ ಪರೀಕ್ಷೆ. ಹರಸಿ.

ಫಖರುನ್ನಿಸಾ


ಗದಗ
12 ಏಪ್ರಿಲ್ 2024

ಚಿ. ಫಖರುನ್ನಿಸಾಗ,

ಫೇಲಾದದ್ದು ಕೇಳಿ ಬ್ಯಾಸರ ಆಗಲಿಲ್ಲ. ಗಡುವು ಎಣಿಸುವಾಗ ಕೈ ನಿಲ್ಲತೈತಿ ಅಂತ ಬರದೀಯಲ್ಲ, ಅದನ್ನ ಓದಿ ಬ್ಯಾಸರಾತು. ಅದರ ಬಗ್ಗೆ ಒಮ್ಮೆ ಬರೀಬೇಕು. ಈಗ ಬ್ಯಾಡ, ನಿನ್ನ ಪರೀಕ್ಷೆ ಆಗಲಿ.

ಪ್ರಶ್ನಿ ಎರಡು ಸಲ ಓದು. ನೀರು ಕುಡಿ. ಗೊತ್ತಿದ್ದದ್ದನ್ನ ಮೊದಲು ಬರಿ. ನಿನಗ ಎಲ್ಲಾ ಗೊತ್ತೈತಿ, ಇದು ನಾ ಹೇಳೂ ಮಾತು, ಬರದು ಇಟಗೋ.

ದೇವೇಂದ್ರಪ್ಪ


ಸನ್ನಿವೇಲ್
24 ಆಗಸ್ಟ್ 2024

ಪಾಸು! ಪಾಸು! ಪಾಸು!

ಸಾಹೇಬರೇ, ಸಲಾಮು ಹೇಳುವುದನ್ನೂ ಮರೆತೆ. ನಿನ್ನೆ ಫಲಿತಾಂಶ ಬಂತು. ಅಂಗಡಿಯಲ್ಲಿದ್ದೆ. ಮೊಬೈಲು ಮುಕರ್ರಮ್ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆಗೆದು ನೋಡಿದರೆ, ಅವರು ಕಲ್ಲಿನ ಚಪ್ಪಡಿಗೆ ಒರಗಿಕೊಂಡು ಅಳುತ್ತಿದ್ದಾರೆ. ಮರಿಯಮ್ ಸ್ಕೂಲಿನಿಂದ ಬಂದವಳು ‘ಕರೆಕ್ಟ್, ಕೌನ್ಸೆಲರ್!’ ಅಂತ ಕಿರುಚಿ ನನ್ನನ್ನು ಎತ್ತಿ ಸುತ್ತು ತಿರುಗಿಸಿದಳು. ಈ ಪರೀಕ್ಷೆ ಬರೆದವರಲ್ಲಿ ಐವರಲ್ಲಿ ಒಬ್ಬರು ಪಾಸಾದರೆ ಹೆಚ್ಚಂತೆ. ಮಿಸ್ ಒಕಾಮೊಟೊ ‘ಸರಿ, ಸೋಮವಾರ ಹತ್ತಕ್ಕೆ ಬಾ’ ಅಂದು ಫೋನಿಟ್ಟರು. ಐದು ನಿಮಿಷಕ್ಕೆ ಮತ್ತೆ ಫೋನ್ ಮಾಡಿ, ‘ಹನ್ನೊಂದಕ್ಕೆ ಬಾ, ಕೇಕ್ ತರುತ್ತೇನೆ’ ಅಂದರು.

ಆ ಒಂಬತ್ತನೇ ಪುಸ್ತಕದ ಕಥೆ ಎಲ್ಲಿ ಮುಗಿಯಿತು ಗೊತ್ತೇ? ಮುಗಿದಿರಲೇ ಇಲ್ಲ! ಇಲ್ಲೇ ಪಕ್ಕದ ಓಕ್‌ಲೆಂಡಿನ ಒಬ್ಬ ವೆಲ್ಡರ್, ಕ್ಯಾಂಪಿಗೆ ಹೋಗಲೊಲ್ಲೆ ಅಂದವನು, 1944ರಲ್ಲಿ ದೊಡ್ಡ ಕೋರ್ಟಿನಲ್ಲಿ ಸೋತ. ಸುಮಾರು ನಲವತ್ತು ವರ್ಷ ಆದ ಮೇಲೆ ಯಾರೋ ಹಳೇ ಕಡತ ತೆಗೆದು ನೋಡಿದರೆ, ಸರಕಾರದ ವಕೀಲರು ತಮಗೆ ವಿರುದ್ಧವಾಗಿದ್ದ ಕಾಗದಗಳನ್ನು ಕೋರ್ಟಿನಿಂದ ಮುಚ್ಚಿಟ್ಟಿದ್ದಾರೆ! ತಪ್ಪು ಅವನದಲ್ಲ ಅಂತ ಹೇಳುವ ಕಾಗದ ಅಷ್ಟು ವರ್ಷ ಒಂದು ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೋರ್ಟು ಅವನ ಮೇಲಿನ ಶಿಕ್ಷೆ ತೆಗೆದುಹಾಕಿತು. ಮುಚ್ಚಿಟ್ಟವರಿಗೆ ಊಟ ಹೇಗೆ ಸೇರಿತೋ ಅಂತ ಮಿಸ್ ಒಕಾಮೊಟೊರನ್ನು ಕೇಳಿದೆ. ‘ಚೆನ್ನಾಗೇ ಸೇರಿರುತ್ತೆ’ ಅಂದರು.

ಇನ್ನೊಂದು ಕೆಲಸವಿದೆ. ಮುಂದೆ ನನ್ನ ನಡತೆಯ ಬಗ್ಗೆ ಬಾರ್‌ಗೆ ದೊಡ್ಡ ಅರ್ಜಿ ಕೊಡಬೇಕು. ಹಿಂದೆ ಎಲ್ಲೆಲ್ಲಿ ಕೆಲಸ ಮಾಡಿದೆ, ಯಾಕೆ ಬಿಟ್ಟೆ, ಎಲ್ಲಾ ಬರೆಯಬೇಕು. ನಾನು ಸತ್ಯ ಬರೆಯುತ್ತೇನೆ: ಅಪೀಲಿನ ತಾರೀಖು 13 ಎನ್ನುವುದನ್ನು 23 ಎಂದು ಬರೆದೆ, ಪಕ್ಷಗಾರ್ತಿಯ ಮನೆ ಹೋಯಿತು, ನಾಚಿಕೆಯಿಂದ ಕೆಲಸ ಬಿಟ್ಟೆ. ಅವರು ನಿಮಗೇ ಬರೆದು ಕೇಳಬಹುದು. ಅದಕ್ಕೂ ಮೊದಲು, ನಡೆದದ್ದು ಹೀಗೇ, ಆದರೂ ಇವಳು ಪ್ರಾಮಾಣಿಕಳು ಅಂತ ನೀವು ಎರಡು ಸಾಲು ಬರೆದುಕೊಟ್ಟರೆ ನನಗೆ ಸಾಕು.

ನಿಮ್ಮ ಕಾರಕೂನ,
ಫಖರುನ್ನಿಸಾ


ಸನ್ನಿವೇಲ್
6 ಅಕ್ಟೋಬರ್ 2024

ವಕೀಲ ಸಾಹೇಬರಿಗೆ ಸಲಾಮು.

ನಿಮ್ಮಿಂದ ಉತ್ತರವಿಲ್ಲ. ಆರೋಗ್ಯ ಸರಿಯಿದೆ, ದಿನಾ ಬಾರ್ ರೂಮಿಗೆ ಬರುತ್ತಾರೆ ಎಂದು ತಮ್ಮ ಹೇಳಿದ. ಹಾಗಾದರೆ ನನಗೆ ಅರ್ಥವಾಯಿತು. ಅಂಥ ತಪ್ಪು ಮಾಡಿದವಳಿಗೆ ಒಳ್ಳೆಯವಳು ಅಂತ ಬರೆದುಕೊಡುವುದು ನಿಮ್ಮಂಥವರಿಗೆ ಕಷ್ಟವೇ. ಕೇಳಬಾರದಿತ್ತು. ಬರೆಯದಿದ್ದರೂ ನನಗೆ ಬೇಸರವಿಲ್ಲ.

ಫಖರುನ್ನಿಸಾ


ಗದಗ
10 ಅಕ್ಟೋಬರ್ 2024

ಫಖರುನ್ನಿಸಾ,

ನಿನ್ನ ಆಗಸ್ಟಿನ ಪತ್ರ ಬಂದು ತಿಂಗಳಾತು. ದಿನಾ ತಗದು ಓದತೀನಿ. ಪಾಸಾದದ್ದು ಓದಿ ಒಬ್ಬನೇ ಮನ್ಯಾಗ ಚಪ್ಪಾಳಿ ಹೊಡದೆ. ಆಮ್ಯಾಲೆ ಆ ವೆಲ್ಡರನ ಸುದ್ದಿಗೆ ಬಂದೆ. ಮೊದಲನೇ ಸಲ ಓದಿದಾಗ, ಈಕಿಗೆ ಎಲ್ಲಾ ಗೊತ್ತಾಗೇತಿ, ಬೇಕಂತಲೇ ನನಗ ಚುಚ್ಚಿ ಬರದಾಳ ಅನ್ನಿಸ್ತು. ಮತ್ತೊಮ್ಮೆ ಓದಿದೆ. ನಿನಗ ಏನೂ ಗೊತ್ತಿಲ್ಲ ಅಂತ ತಿಳೀತು. ಅದು ಇನ್ನೂ ಕಷ್ಟ ಆತು.

ನೀ ತಾರೀಖು ತಪ್ಪು ಬರದಿದ್ದಿಲ್ಲ.

ಡೈರಿಯಾಗ 13 ಅಂತ ಸರಿಯಾಗೇ ಬರದಿದ್ದಿ. ಅಪೀಲಿನ ಕಾಗದ ಟೈಪ್ ಮಾಡಿ 10ನೇ ತಾರೀಖಿಗೇ ನನ್ನ ಟೇಬಲ್ ಮ್ಯಾಲೆ ಇಟ್ಟಿದ್ದಿ. ಆ ವಾರ ಬಾರ್ ಅಸೋಸಿಯೇಶನ್ನಿನ ಇಲೆಕ್ಷನ್ ಇತ್ತು. ನಾ ಅಧ್ಯಕ್ಷ ಆಗಬೇಕಂತ ಮತ ಕೇಳಕೋತ ತಿರಗತಿದ್ದೆ. ಕಾಗದ ನನ್ನ ಚೀಲದಾಗ ಉಳೀತು. 21ಕ್ಕ ಕಣ್ಣಿಗೆ ಬಿತ್ತು, 22ಕ್ಕ ದಾಖಲ್ ಆತು. ಕೋರ್ಟು ತಡ ಮನ್ನಾ ಮಾಡಲಿಲ್ಲ. ನೀಲವ್ವ ಆಫೀಸಿಗೆ ಬಂದು ಕೂಗಾಡಿದಾಗ, ಹೊರಗ ಬ್ಯಾರೆ ಪಕ್ಷಗಾರರು ಕುಂತಿದ್ರು, ‘ಕಾರಕೂನ ತಾರೀಖು ತಪ್ಪಿ ಬರದಾಳ’ ಅಂತ ನನ್ನ ಬಾಯಿಗೆ ಬಂತು. ಅಂದ ಮ್ಯಾಲೆ ಅದನ್ನ ಖರೆ ಮಾಡಬೇಕಾತು. ನೀ ಊಟಕ್ಕ ಹೋದಾಗ ಡೈರಿ ತಗದು, ಒಂದರ ತಲಿಗೆ ಕೊಂಡಿ ಹಾಕಿ, ಬುಡಕ್ಕ ಗೆರಿ ಎಳದು, ಎರಡು ಮಾಡಿದೆ. ನಿನ್ನ ಪೆನ್ನಿನಾಗ.

ನೀ ಬಂದು ಡೈರಿ ನೋಡಿದಿ. ‘ನಾ 13 ಬರದ ನೆನಪೈತಲ್ರಿ ಸಾಹೇಬ್ರ’ ಅಂದಿ. ನಾ ಏನೂ ಅನ್ನಲಿಲ್ಲ. ನೀ ಮತ್ತೊಮ್ಮೆ ನೋಡಿ, ‘ನನ್ನ ಅಕ್ಷರನ ಐತಿ’ ಅಂತ ಅಳಾಕ ಹತ್ತಿದಿ. ನಿನಗ ಒಂದು ಮಾತು ಬೈಯಲಿಲ್ಲ ಅಂತ ಬರದೀಯಲ್ಲ. ಯಾವ ಬಾಯಿಲೆ ಬೈಯಲಿ?

ಆ ಅರ್ಜಿಯಾಗ ನೀ ಸುಳ್ಳು ಬರದಂಗಾಗತೈತಿ, ಅದೂ ನನ್ನ ಸುಳ್ಳು. ಬರೀಬ್ಯಾಡ. ಕ್ಷಮಾ ಕೇಳಾಕ ನಾ ಈ ಪತ್ರ ಬರದಿಲ್ಲ, ಕೇಳೂ ಯೋಗ್ಯತಾ ನನಗಿಲ್ಲ.

ದೇವೇಂದ್ರಪ್ಪ


ಸನ್ನಿವೇಲ್
9 ನವೆಂಬರ್ 2024

ಮಾನ್ಯರೆ,

ದಿನಾಂಕ 10-10-2024ರ ನಿಮ್ಮ ಪತ್ರ ತಲುಪಿತು. ಅದರಲ್ಲಿ ಬರೆದ ಸಂಗತಿಗಳನ್ನು ಸ್ಟಾಂಪ್ ಕಾಗದದ ಮೇಲೆ, ನೋಟರಿಯ ಮುಂದೆ, ಪ್ರಮಾಣ ಮಾಡಿ ಅಫಿಡವಿಟ್ ರೂಪದಲ್ಲಿ ಕಳಿಸತಕ್ಕದ್ದು. ಪತ್ರ ಸಾಲದು. ಅದನ್ನು ಕಳಿಸುವ ಮೊದಲು ನೀಲವ್ವ ಬದುಕಿದ್ದರೆ ಆಕೆಯ ಮನೆಗೆ ನೀವೇ ಹೋಗಿ ಇದನ್ನು ಹೇಳತಕ್ಕದ್ದು.

ಮರಿಯಮ್ ಹುಟ್ಟಿದಾಗ ಲಸಿಕೆಯ ತಾರೀಖನ್ನು ಮೂರು ಕಡೆ ಬರೆದಿಟ್ಟು, ಮೂರನ್ನೂ ನಂಬದೆ ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ. ಅಂಗಡಿಯ ಡೆಲಿವರಿ ಪುಸ್ತಕ ಇವತ್ತಿಗೂ ನಾನು ಮುಟ್ಟುವುದಿಲ್ಲ. ಧಾರವಾಡದ ಕಾನೂನು ಕಾಲೇಜಿನ ಅರ್ಜಿ ತುಂಬಿಟ್ಟಿದ್ದೆ, ಅದು ನಿಮಗೆ ಗೊತ್ತಿರಲಿಲ್ಲ. ಡೈರಿ ನೋಡಿದ ದಿನ ಸಂಜೆ ಅದನ್ನು ಹರಿದು ಒಲೆಗೆ ಹಾಕಿದೆ. ನನ್ನ ನೆನಪು ಸರಿಯಿತ್ತು. ನನ್ನ ಕಣ್ಣನ್ನು ನಂಬಿ ನೆನಪನ್ನು ಸುಳ್ಳು ಮಾಡಿದೆ. ಹತ್ತೊಂಬತ್ತು ವರ್ಷ.

ಎಫ್. ಮುಕರ್ರಮ್


ಗದಗ
4 ಡಿಸೆಂಬರ್ 2024

ಫಖರುನ್ನಿಸಾಗ,

ಅಫಿಡವಿಟ್ ಇದರ ಜೊತಿ ಐತಿ. ಎರಡು ಪ್ರತಿ.

ನೀಲವ್ವ ಬದುಕ್ಯಾಳ. ಎಪ್ಪತ್ತೆಂಟು ವರ್ಷ. ಬೆಟಗೇರಿಯಾಗ ಮಗಳ ಜೊತಿ ಬಾಡಗಿ ಮನ್ಯಾಗ ಅದಾಳ. ಹೋದೆ. ಕಟ್ಟಿ ಮ್ಯಾಲೆ ಕುಂತು ಎಲ್ಲಾ ಹೇಳಿದೆ. ನನ್ನ ದನಿ ನಿನಗ ಗೊತ್ತಲ್ಲ, ಓಣಿ ಪೂರಾ ಕೇಳಿರಬೇಕು, ಬಾಗಿಲಿಗೆ ಬಾಗಿಲಿಗೆ ಮಂದಿ ಬಂದು ನಿಂತ್ರು. ಕೇಳಲಿ ಅಂತ ಬಿಟ್ಟೆ. ಆಕಿ ಎದ್ದು ನಿಂತು ಕೈ ಬೀಸಿ ಭಾಳ ಹೊತ್ತು ಬೈದ್ಲು. ನನಗ ಒಂದೂ ಕೇಳಲಿಲ್ಲ. ಆಕಿ ಕುಂತ ಮ್ಯಾಲೆ ಮಗಳಿಗೆ ಪೆನ್ನು ಕೊಟ್ಟು, ‘ಒಂದೂ ಬಿಡಲಾರದಂಗ ಬರದು ತೋರಸವ್ವಾ’ ಅಂದೆ. ಎರಡು ಹಾಳಿ ಆತು. ಬೈಗುಳ ನನ್ನ ಹತ್ರ ಇರಲಿ. ಕೊನಿಗೆ ಬರದಿದ್ದು ನಿನಗ ಸೇರಬೇಕು, ಇಲ್ಲೆ ಇಳಿಸಿಕೊಡತೀನಿ: ‘ಕೋರ್ಟಿನ ಪಾವಟಗಿ ಹತ್ತೂವಾಗ ಆ ಹುಡುಗಿ ಸೆರಗು ಹಿಡದು, ನಿನಗ ಒಳ್ಳೇದಾಗೂದಿಲ್ಲ ಅಂದಿದ್ದೆ. ಅದನ್ನ ವಾಪಸ್ ತಗೊಂಡೀನಿ. ಆಕಿಗೆ ಮುಟ್ಟಸ್ರಿ. ನಿಮಗ ಏನ್ ಅಂದೀನಿ, ಅದನ್ನ ವಾಪಸ್ ತಗೊಳ್ಳಾಂಗಿಲ್ಲ.’

ಮರುದಿನ ಬಾರ್ ರೂಮಿನಾಗ, ನಿನ್ನ ಪತ್ರ ಓದಿ ಹೇಳತಿದ್ದ ಅದ ಜಾಗಾದಾಗ ನಿಂತು, ಈ ಅಫಿಡವಿಟ್ಟೂ ಓದಿದೆ. ಯಾರೂ ಮಾತಾಡಲಿಲ್ಲ, ಇಲ್ಲಾ ಮಾತಾಡಿದ್ದು ನನಗ ಕೇಳಲಿಲ್ಲ. ಸನದು ಬಾರ್ ಕೌನ್ಸಿಲ್ಲಿಗೆ ವಾಪಸ್ ಕಳಿಸೀನಿ. ಮೊದಲೇ ಉಪಯೋಗ ಇದ್ದಿದ್ದಿಲ್ಲ, ಹಿಂಗಾಗಿ ಇದು ದೊಡ್ಡ ತ್ಯಾಗ ಅಲ್ಲ. ನೀ ಹಂಗ ತಿಳಕೋಬ್ಯಾಡ.

ನೀಲವ್ವನ ಮನಿ ತಿರಗಿ ಬರೂದಿಲ್ಲ. ಅದರ ಜಾಗಾದಾಗ ಈಗ ಮೂರು ಅಂತಸ್ತಿನ ಲಾಡ್ಜ್ ಐತಿ. ನಿನ್ನ ವರ್ಷಾನೂ ಬರೂದಿಲ್ಲ.

ಇನ್ನ ನಾ ಬರೀಬೇಕೋ ಬ್ಯಾಡೋ, ನೀ ಹೇಳು. ಬ್ಯಾಡ ಅಂದ್ರ ಅದು ಸರಿ ಐತಿ.

ದೇವೇಂದ್ರಪ್ಪ


ಸನ್ನಿವೇಲ್
26 ಜನವರಿ 2025

ದೇವೇಂದ್ರಪ್ಪನವರಿಗೆ,

ಸಾಹೇಬರೇ ಅನ್ನಲು ಕೈ ಬರುತ್ತಿಲ್ಲ. ಮುಂದೆ ಬರಬಹುದು, ಬರದೆಯೂ ಇರಬಹುದು. ಕ್ಷಮಿಸಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಬರೆಯಬೇಡಿ ಅಂದರೂ ಸುಳ್ಳಾಗುತ್ತದೆ. ಬರೆಯಿರಿ.

ಅಫಿಡವಿಟ್ಟನ್ನು ಮರಿಯಮ್‌ಗೆ ಓದಿ ಹೇಳಿದೆ. ‘ಅಮ್ಮೀ, ದಟ್ ಈಸ್ ಸೋ ಮೆಸ್ಡ್ ಅಪ್’ ಅಂದು ನನ್ನ ಪಕ್ಕ ಬಂದು ಕೂತಳು. ಸ್ವಲ್ಪ ಹೊತ್ತಿಗೆ, ಅಪರೂಪಕ್ಕೆ ಕನ್ನಡದಲ್ಲಿ, ‘ನೀನು ಕರೆಕ್ಟಾಗೇ ಬರ್ದಿದ್ದೆ’ ಅಂದಳು. ಅವಳ ಬಾಯಿಂದ ಕೇಳಿದ ಮೇಲೆ ನನಗೆ ನಂಬಿಕೆ ಬಂತು. ಅವತ್ತು ಮನಸ್ಸಿಗೆ ಬಂದಷ್ಟು ಅತ್ತೆ. ಅಫಿಡವಿಟ್ಟನ್ನು ಅನುವಾದ ಮಾಡಿಸಿ, ಸೀಲು ಹಾಕಿಸಿ ಅರ್ಜಿಯ ಜೊತೆ ಕಳಿಸಿದ್ದೇನೆ. ಕೆಲಸ ಬಿಟ್ಟ ಕಾರಣ ಅನ್ನುವ ಜಾಗದಲ್ಲಿ ‘ಲಗತ್ತಿಸಿದ ಪ್ರಮಾಣಪತ್ರ ನೋಡಿ’ ಅಂತ ಮಾತ್ರ ಬರೆದೆ. ನೀಲವ್ವನಿಗೆ ಬೇರೆ ಪತ್ರ ಬರೆದಿದ್ದೇನೆ, ತಮ್ಮ ಹೋಗಿ ಓದಿ ಹೇಳುತ್ತಾನೆ.

ಈಗ ಗುರುವಾರದ ಸುದ್ದಿ. ಇದನ್ನು ಬರೆಯಲು ಮೂರು ದಿನದಿಂದ ಚಡಪಡಿಸುತ್ತಿದ್ದೇನೆ!

ರೆಡ್‌ವುಡ್ ಸಿಟಿ ಕೋರ್ಟಿನಲ್ಲಿ ಮಿಸ್ ಒಕಾಮೊಟೊರ ಒಂದು ಕೇಸಿತ್ತು. ಮೂರು ಮಕ್ಕಳ ತಾಯಿ, ಆಸ್ಪತ್ರೆಯಲ್ಲಿ ಅಡುಗೆ ಕೆಲಸ ಮಾಡುವವಳು, ಮನೆ ಖಾಲಿ ಮಾಡು ಅಂತ ಮಾಲೀಕ ಹಾಕಿದ ಕೇಸು. ನೋಟಿಸಿನಲ್ಲಿ ದೋಷ ಕಂಡುಹಿಡಿದದ್ದು ನಾನು. ಕರಡು ಬರೆದದ್ದೂ ನಾನೇ. ಮಿಸ್ ಒಕಾಮೊಟೊ ಒಂದು ಅಲ್ಪವಿರಾಮ ತೆಗೆದರು, ಅಷ್ಟೇ! ಬೆಳಿಗ್ಗೆ ಎಂಟೂವರೆಗೆ ಹೋದೆವು. ನಾನು ಹಿಂದಿನ ಬೆಂಚಿಗೆ ಹೋಗಿ ಕೂತೆ, ಅಭ್ಯಾಸ ಬಲ. ಅವರು ತಿರುಗಿ ನೋಡಿ, ‘ಅಲ್ಲೇನು ಮಾಡ್ತಾ ಇದ್ದೀಯ? ಇಲ್ಲಿ ಬಾ’ ಅಂತ ವಕೀಲರ ಮೇಜಿನ ಪಕ್ಕದ ಕುರ್ಚಿ ಎಳೆದರು. ಎದ್ದು ಹೋಗಿ ಕೂತೆ. ಆ ತಾಯಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.

ಜಡ್ಜು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ‘ಕೌನ್ಸೆಲ್, ನಿಮ್ಮ ಪಕ್ಕದಲ್ಲಿರುವವರು ಯಾರು?’

ಮಿಸ್ ಒಕಾಮೊಟೊ ಎದ್ದರು. ‘ನನ್ನ ಆಫೀಸಿನಲ್ಲಿ ಕಾನೂನು ಓದುತ್ತಿದ್ದಾರೆ, ಯುವರ್ ಆನರ್. ಹಳೇ ಪದ್ಧತಿಯಲ್ಲಿ. ಇವತ್ತಿನ ಅರ್ಜಿ ಬರೆದವರು ಇವರೇ.’

‘ಈಗಲೂ ಹಾಗೆ ಓದುವವರಿದ್ದಾರಾ?’ ಜಡ್ಜಿನ ಮುಖದಲ್ಲಿ ನಗು ಬಂತು. ಅರ್ಜಿಯ ಹಾಳೆ ತಿರುವಿದರು. ಮಾಲೀಕನ ವಕೀಲ ಏನೋ ಹೇಳಲು ಎದ್ದ. ಅವನಿಗೆ ಕೂರುವಂತೆ ಕೈ ಮಾಡಿ, ಕೇಸು ವಜಾ ಅಂದರು. ಹತ್ತು ನಿಮಿಷ ಹಿಡಿಯಲಿಲ್ಲ. ಆ ತಾಯಿಗೆ ಅರ್ಥವೇ ಆಗಲಿಲ್ಲ. ನಾನು ಕಿವಿಯಲ್ಲಿ ‘ಮನೆ ಉಳಿಯಿತು’ ಅಂತ ಹೇಳಬೇಕಾಯಿತು.

ಎದ್ದು ಹೊರಡುವಷ್ಟರಲ್ಲಿ ಜಡ್ಜು ನನ್ನನ್ನು ತಡೆದರು. ‘ಹಾಜರಿದ್ದವರಲ್ಲಿ ನಿಮ್ಮ ಹೆಸರೂ ಇರಲಿ. ರೆಕಾರ್ಡಿಗೆ ಹೇಳಿ.’

ನಿಂತು ಹೇಳಿದೆ. ಕ್ಲರ್ಕ್ ಹುಡುಗಿ ಕೀಬೋರ್ಡಿನಿಂದ ತಲೆ ಎತ್ತಿ, ಸ್ಪೆಲ್ಲಿಂಗ್ ಹೇಳಿ ಅಂದಳು. ಎಫ್‌ನಿಂದ ಶುರು ಮಾಡಿ ಹನ್ನೊಂದು ಅಕ್ಷರ, ಒಂದೊಂದಾಗಿ ಹೇಳಿದೆ. ಅವಳು ಒಂದೊಂದಾಗಿ ಒತ್ತಿಕೊಂಡಳು. ಜಡ್ಜು, ಎರಡೂ ಕಡೆಯ ವಕೀಲರು, ಹಿಂದೆ ಕೂತಿದ್ದ ಮಂದಿ ಎಲ್ಲರೂ ಅದು ಮುಗಿಯುವವರೆಗೆ ಕಾದರು. ಯಾರೂ ಅವಸರ ಮಾಡಲಿಲ್ಲ.

ಫಖರುನ್ನಿಸಾ